ರಿಪೋರ್ಟ್ ಎಲ್ಲ ನಾರ್ಮಲ್, ಕಾಲು ಮಾತ್ರ ಏಳುತ್ತಿಲ್ಲ: ಕನ್ವರ್ಷನ್ ಡಿಸಾರ್ಡರ್‌ಗೆ ಥೆರಪಿ ಮಾಡಿಸಿಕೊಳ್ಳುವ ಬಗೆ

ಎಮ್‌ಆರ್‌ಐ ನಾರ್ಮಲ್. ಇಇಜಿ ನಾರ್ಮಲ್. ರಕ್ತ ಪರೀಕ್ಷೆ ನಾರ್ಮಲ್. ಆದರೂ ಕಾಲು ಏಳುತ್ತಿಲ್ಲ. ಅಥವಾ ವಾರಕ್ಕೆರಡು ಸಲ ಫಿಟ್ಸ್ ಬರುತ್ತಿದೆ. ಅಥವಾ ಒಂದು ದಿನ ಬೆಳಗ್ಗೆ ಎದ್ದಾಗಿನಿಂದ ದನಿಯೇ ಹೊರಡುತ್ತಿಲ್ಲ. ಡಾಕ್ಟರ್ ಚೀಟಿಯ ಮೇಲೆ ಏನೋ ಬರೆದು "ಸೈಕಿಯಾಟ್ರಿಗೆ ತೋರಿಸಿ" ಅಂದಿದ್ದಾರೆ. ಮನೆಯವರು ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಂದರೆ ಏನು, ಇಷ್ಟು ದಿನ ಇವಳು ನಾಟಕ ಮಾಡ್ತಿದ್ಲಾ?

ಆ ಚೀಟಿ ಹಿಡಿದು ಹೊರಗೆ ನಿಂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕೋಲಾರ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯದ ತಂಡದಲ್ಲಿ ನರ್ಸ್. ಅದಕ್ಕೂ ಮೊದಲು ವರ್ಷಗಟ್ಟಲೆ ಕ್ಯಾಷುಯಲ್ಟಿಯಲ್ಲಿ ಇದ್ದೆ. ಇಲ್ಲಿ ಬರುವ ಜನರ ಊರು, ಕೆಲಸ, ವಯಸ್ಸು ಎಲ್ಲ ಬದಲಾಯಿಸಿದ್ದೇನೆ. ಯಾರನ್ನೋ ಹುಡುಕೋಕೆ ಹೋಗಬೇಡಿ.

ಚೀಟಿಯಲ್ಲಿ ಕನ್ವರ್ಷನ್ ಅಂತ ಇರಬಹುದು, ಡಿಸೋಸಿಯೇಟಿವ್ ಅಂತ ಇರಬಹುದು, ಎಫ್‌.ಎನ್‌.ಡಿ. (ಫಂಕ್ಷನಲ್ ನ್ಯೂರೋಲಾಜಿಕಲ್ ಡಿಸಾರ್ಡರ್, ಅಂದರೆ ನರಮಂಡಲ ಕೆಲಸ ಮಾಡುವ ರೀತಿಯ ತೊಂದರೆ) ಅಂತ ಇರಬಹುದು. ಹಳೇ ಕಾಲದ ಡಾಕ್ಟರಾದರೆ ಹಿಸ್ಟೀರಿಯಾ ಅಂತಲೂ ಬರೆದಾರು. ಅಮೆರಿಕದ ಮನೋವೈದ್ಯರು ಆ ಹೆಸರನ್ನು 1980ರಲ್ಲೇ ಪಕ್ಕಕ್ಕೆ ಸರಿಸಿದ್ದಾರೆ. ಹೆಸರು ಯಾವುದೇ ಇರಲಿ, ಮುಂದಿನ ದಾರಿ ಹೆಚ್ಚುಕಮ್ಮಿ ಒಂದೇ.

ನಮ್ಮ ಕಡೆ ರೈತರಿಗೆ ನಾನು ಬೋರ್‌ವೆಲ್ ಮಾತಲ್ಲೇ ಹೇಳುತ್ತೇನೆ. ಮೋಟಾರ್ ಸರಿ ಇದೆ, ಕೇಬಲ್ ಸರಿ ಇದೆ, ಕೆಳಗೆ ನೀರೂ ಇದೆ. ಸ್ಟಾರ್ಟರ್ ಮಾತ್ರ ಪದೇ ಪದೇ ಟ್ರಿಪ್ ಆಗುತ್ತಿದೆ. ಮೋಟಾರ್ ಮೇಲೆತ್ತಿಸಿ ಬಿಚ್ಚಿದರೆ ಏನೂ ಸಿಗುವುದಿಲ್ಲ. ಹಾಗಂತ ತೋಟಕ್ಕೆ ನೀರು ಹೋಗುತ್ತಿಲ್ಲ ಅನ್ನೋದು ಸುಳ್ಳಾ? ಈ ಕಾಯಿಲೆಯಲ್ಲೂ ನರ, ಸ್ನಾಯು, ಮೆದುಳಿನ ಭಾಗಗಳು ಕೆಟ್ಟಿರುವುದಿಲ್ಲ. ಮೆದುಳು ಅವನ್ನು ನಡೆಸುವ ರೀತಿ ತಪ್ಪಿರುತ್ತದೆ. ಅದು ಆ ಮನುಷ್ಯನ ಇಷ್ಟದಿಂದ ಆಗುವುದಲ್ಲ. ಬೇಕಂತ ನಟಿಸುವುದು ಬೇರೆಯೇ ವಿಷಯ, ಅದಕ್ಕೆ ವೈದ್ಯರ ಪುಸ್ತಕದಲ್ಲಿ ಬೇರೆ ಹೆಸರೇ ಇದೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಸಿನಿಮಾಗಳಲ್ಲಿ ಡಾಕ್ಟರ್ ಒಂದು ಹಳೆಯ ಗುಟ್ಟನ್ನು ಕೆದಕಿ ತೆಗೆಯುತ್ತಾರೆ, ರೋಗಿ ಒಮ್ಮೆ ಕಿರುಚಿ ಅಳುತ್ತಾಳೆ, ಮರುದಿನ ಕಾಯಿಲೆ ಮಾಯ. ಜನ ಅದನ್ನೇ ಕಾಯುತ್ತಾ ಬರುತ್ತಾರೆ. "ಏನಾಗಿತ್ತು ಅಂತ ಬಾಯಿ ಬಿಡಿಸಿ ಸಿಸ್ಟರ್, ಸಾಕು" ಅನ್ನುತ್ತಾರೆ. ನಿಜವಾದ ಥೆರಪಿಯ ಬಹುಪಾಲು ಅಭ್ಯಾಸ. ವಾರ ವಾರ ಕೂತು, ಮೈ ಏನು ಮಾಡುತ್ತಿದೆ ಅಂತ ಗಮನಿಸಿ, ಬೇರೆ ರೀತಿ ನಡೆಯೋಕೆ ಅದಕ್ಕೆ ಕಲಿಸುವುದು. ಬೇಜಾರಿನ ಕೆಲಸ ಅನಿಸಬಹುದು. ಆದರೆ ಫಲ ಕೊಡುವುದು ಅದೇ.

ಮೊದಲು ಡಾಕ್ಟರ ಬಾಯಿಂದ ಪೂರ್ತಿ ಕೇಳಿಸಿಕೊಳ್ಳಿ

"ಏನೂ ಇಲ್ಲ, ಟೆನ್ಷನ್ ಅಷ್ಟೇ" ಅಂತ ಕಳಿಸಿದರೆ ಅಲ್ಲಿಂದ ಏಳಬೇಡಿ. ಯಾಕೆ ಹೀಗೆ ಹೇಳುತ್ತಿದ್ದೀರಿ, ಯಾವ ಪರೀಕ್ಷೆಯಿಂದ ಗೊತ್ತಾಯಿತು ಅಂತ ಕೇಳಿ. ಸ್ಕ್ಯಾನ್ ನಾರ್ಮಲ್ ಬಂತು ಅನ್ನುವುದು ಮಾತ್ರ ಕಾರಣವಾಗಬಾರದು. ಈ ಕಾಯಿಲೆಗೆ ಅದರದ್ದೇ ಗುರುತುಗಳಿವೆ.

ಕಾಲಿನ ಶಕ್ತಿ ಹೋದವರಿಗೆ ಹೂವರ್ ಅನ್ನುವ ವೈದ್ಯರು 1908ರಲ್ಲಿ ಹೇಳಿದ ಪರೀಕ್ಷೆ ಇವತ್ತಿಗೂ ಮಾಡುತ್ತಾರೆ. ಮಲಗಿಸಿ, ಶಕ್ತಿ ಇಲ್ಲದ ಕಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಒತ್ತಿ ಅನ್ನುತ್ತಾರೆ. ಆಗುವುದಿಲ್ಲ. ಆಮೇಲೆ ಆ ಹಿಮ್ಮಡಿಯ ಕೆಳಗೆ ಕೈ ಇಟ್ಟುಕೊಂಡೇ, ಚೆನ್ನಾಗಿರುವ ಇನ್ನೊಂದು ಕಾಲನ್ನು ಮೇಲೆತ್ತಿ ಅನ್ನುತ್ತಾರೆ, ಅದನ್ನು ಕೆಳಗೆ ತಡೆದು ಹಿಡಿಯುತ್ತಾರೆ. ಆಗ ಶಕ್ತಿ ಇಲ್ಲದ ಕಾಲಿನ ಹಿಮ್ಮಡಿ ತಾನಾಗಿಯೇ ಗಟ್ಟಿಯಾಗಿ ಒತ್ತುತ್ತದೆ. ಅಂದರೆ ದಾರಿ ತೆರೆದಿದೆ. ಗಮನ ಕೊಟ್ಟಾಗ ಮುಚ್ಚಿಕೊಳ್ಳುತ್ತದೆ, ಗಮನ ಬೇರೆ ಕಡೆ ಹೋದಾಗ ತೆರೆದುಕೊಳ್ಳುತ್ತದೆ. ಒಳ್ಳೆಯ ಡಾಕ್ಟರ್ ಇದನ್ನು ರೋಗಿಗೇ ತೋರಿಸುತ್ತಾರೆ, "ನೋಡು, ನಿನ್ನ ಕಾಲಲ್ಲಿ ಶಕ್ತಿ ಇದೆ" ಅಂತ. "ಸಿಕ್ಕಿಬಿದ್ದೆ ನೋಡು" ಅನ್ನುವ ದನಿಯಲ್ಲಿ ತೋರಿಸಿದರೆ ಮಾತ್ರ ಎಲ್ಲ ಕೆಡುತ್ತದೆ. ನನ್ನ ಪ್ರಕಾರ ಅರ್ಧ ಚಿಕಿತ್ಸೆ ಇಲ್ಲೇ ಗೆಲ್ಲುತ್ತದೆ ಇಲ್ಲವೇ ಸೋಲುತ್ತದೆ. ಟೊಮೆಟೊ ಮಂಡಿಯಲ್ಲಿ ಲೋಡಿಂಗ್ ಮಾಡುವ ಅಣ್ಣ ಒಬ್ಬರು ಇದನ್ನು ನೋಡಿದ ಮೇಲೆಯೇ "ಸರಿ, ಏನು ಮಾಡಬೇಕು ಹೇಳಿ" ಅಂದದ್ದು. ಅಲ್ಲಿಯವರೆಗೂ ಅವರಿಗೆ ಇನ್ನೊಂದು ಎಮ್‌ಆರ್‌ಐ ಬೇಕಿತ್ತು.

ಫಿಟ್ಸ್ ಇದ್ದರೆ ಮೊಬೈಲಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ಮುಖ, ಕಣ್ಣು, ಕೈಕಾಲು ಕಾಣುವ ಹಾಗೆ, ಶುರುವಿನಿಂದ ಕೊನೆಯವರೆಗೆ. ಕಣ್ಣು ಬಿಗಿಯಾಗಿ ಮುಚ್ಚಿತ್ತಾ, ತಲೆ ಅತ್ತಿತ್ತ ಆಡುತ್ತಿತ್ತಾ, ಎಷ್ಟು ಹೊತ್ತು ಇತ್ತು ಅನ್ನುವುದೆಲ್ಲ ಡಾಕ್ಟರಿಗೆ ಬೇಕು. ಆದರೆ ವಿಡಿಯೋ ನೋಡಿ ಮನೆಯವರೇ ತೀರ್ಪು ಕೊಡಬೇಡಿ. ಕೆಲವರಿಗೆ ನಿಜವಾದ ಮೂರ್ಛೆರೋಗ ಮತ್ತು ಇದು, ಎರಡೂ ಇರುತ್ತವೆ. ಅನುಮಾನ ಇದ್ದರೆ ವಿಡಿಯೋ ಇಇಜಿ ಮಾಡಿಸಬೇಕು. ಫಿಟ್ಸ್ ಬಂದ ಹೊತ್ತಿನಲ್ಲೇ ಮೆದುಳಿನ ಅಲೆಗಳನ್ನು ಹಿಡಿಯುವ ಪರೀಕ್ಷೆ ಅದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಗುತ್ತದೆ. ಅಲ್ಲಿಯವರೆಗೆ ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಈ ಕಾಯಿಲೆಯ ಫಿಟ್ಸ್‌ಗೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ನಿಜ. ಆದರೂ ಒಮ್ಮೆಲೇ ಬಿಟ್ಟರೆ ಅಪಾಯ. ಡಾಕ್ಟರೇ ನಿಧಾನವಾಗಿ ಇಳಿಸುತ್ತಾರೆ.

"ಬೇರೆ ದೊಡ್ಡ ಕಾಯಿಲೆ ಇದ್ದು, ಇವರಿಗೆ ಗೊತ್ತಾಗದೆ ಹೋಗಿದ್ದರೆ?" ಎಲ್ಲರೂ ಕೇಳುವ ಪ್ರಶ್ನೆ. ಹಳೆಯ ಕಾಲದಲ್ಲಿ ಆ ಭಯಕ್ಕೆ ಕಾರಣ ಇತ್ತು. 1970ರ ದಶಕದಿಂದ ಈಚಿನ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಹೀಗೆ ತಪ್ಪಾಗಿದ್ದು ಸುಮಾರು 4% ಮಂದಿಯಲ್ಲಿ. ಬೇರೆ ಎಷ್ಟೋ ಕಾಯಿಲೆಗಳ ವಿಷಯದಲ್ಲೂ ತಪ್ಪು ಇಷ್ಟರಮಟ್ಟಿಗೆ ಆಗುತ್ತದೆ. ಹೊಸ ಲಕ್ಷಣ ಬಂದರೆ ಮತ್ತೆ ತೋರಿಸಿ, ತಪ್ಪಿಲ್ಲ. ಅದೇ ಲಕ್ಷಣಕ್ಕೆ ಊರೂರು ಸುತ್ತಿ ಅದೇ ಸ್ಕ್ಯಾನ್ ಮಾಡಿಸುವುದು ಬೇಡ. ದುಡ್ಡು ಹೋಗುವುದು ಒಂದು ಕಡೆ, ಪ್ರತಿ ಸ್ಕ್ಯಾನೂ "ಒಳಗೆ ಏನೋ ಇದೆ" ಅನ್ನುವ ಹೆದರಿಕೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಎಲ್ಲಿಗೆ ಹೋಗುವುದು

ಕೋಲಾರದಲ್ಲಾದರೆ ಎಸ್‌.ಎನ್‌.ಆರ್. ಜಿಲ್ಲಾ ಆಸ್ಪತ್ರೆ. ಟಮಕದ ಜಾಲಪ್ಪ ಆಸ್ಪತ್ರೆಯಲ್ಲಿ ಮೆಡಿಕಲ್ ಕಾಲೇಜಿನ ಮನೋವೈದ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಕ್ಲಿನಿಕ್ ಮಂಗಳವಾರ ನಡೆಯುತ್ತದೆ. ನಿಮ್ಮ ಊರಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೊರಡುವ ಮುಂಚೆ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು, ರಾತ್ರಿಯೂ ಇರುತ್ತದೆ.

ಮೊದಲು ಮನೋವೈದ್ಯರು ನೋಡುತ್ತಾರೆ. ಥೆರಪಿ ಮಾಡುವವರು ಸಾಮಾನ್ಯವಾಗಿ ಕ್ಲಿನಿಕಲ್ ಸೈಕಾಲಜಿಸ್ಟ್. ನರರೋಗ ವೈದ್ಯರ ಕಡೆಯಿಂದ ಬಂದಿದ್ದರೆ ಅವರನ್ನು ಬಿಟ್ಟುಬಿಡಬೇಡಿ. ಇಬ್ಬರ ಚೀಟಿಯೂ ಒಂದೇ ಫೈಲಿನಲ್ಲಿ ಇರಲಿ.

ಭಾಷೆಯ ಬಗ್ಗೆ ಒಂದು ಮಾತು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಹೊರಗೆ ಕನ್ನಡ, ಒಳಗೆ ತೆಲುಗು. ಕೆ.ಜಿ.ಎಫ್. ಕಡೆ ತಮಿಳು, ಕೋಲಾರ ಪೇಟೆಯಲ್ಲಿ ಉರ್ದು. ನೀವು ಯಾವ ಭಾಷೆಯಲ್ಲಿ ಜಗಳ ಆಡುತ್ತೀರೋ ಆ ಭಾಷೆ ಬರುವವರು ಇದ್ದಾರಾ ಅಂತ ಕೇಳಿ. ನಾಚಿಕೆ ಬೇಡ. ಕನ್ನಡದಲ್ಲಿ ಮೂರು ವಾರ "ಹೂಂ, ಚೆನ್ನಾಗಿದ್ದೀನಿ" ಅಂತಿದ್ದ ಅಜ್ಜಿ ತೆಲುಗಲ್ಲಿ ಶುರು ಮಾಡಿದರೆ ನಿಲ್ಲಿಸೋಕೇ ಆಗಲಿಲ್ಲ.

ರೂಮಿನ ಒಳಗೆ ಏನು ನಡೆಯುತ್ತದೆ

ಜಾಸ್ತಿ ಬಳಕೆಯಲ್ಲಿರುವುದು ಸಿ.ಬಿ.ಟಿ. ಅನ್ನುವ ಪದ್ಧತಿ. ಯೋಚನೆ, ಮೈಯಲ್ಲಿ ಆಗುವುದು, ನಾವು ಮಾಡುವುದು, ಈ ಮೂರು ಒಂದನ್ನೊಂದು ಹೇಗೆ ಎಳೆಯುತ್ತವೆ ಅಂತ ನೋಡಿ, ಎಲ್ಲಿ ಬಿಡಿಸಬಹುದೋ ಅಲ್ಲಿ ಬಿಡಿಸುವುದು. ಒಂದು ಸೆಷನ್ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ. ಮೊದಲ ಎರಡು ಮೂರು ಸಲ ಬರೀ ಕೇಳುವುದೇ ಆಗುತ್ತದೆ. "ಇಷ್ಟು ದೂರದಿಂದ ಬಂದು ಬರೀ ಮಾತಾ?" ಅಂತ ಮೂರನೇ ವಾರಕ್ಕೇ ಬಿಡುವವರು ತುಂಬ ಜನ. ಆಗಿನ್ನೂ ಚಿಕಿತ್ಸೆ ಶುರುವೇ ಆಗಿರುವುದಿಲ್ಲ.

ಮನೆಗೆ ಕೊಡುವ ಮೊದಲ ಕೆಲಸ ಪುಸ್ತಕ ಬರೆಯುವುದು. ಅಂಗಡಿಯಲ್ಲಿ ಸಿಗುವ ಉದ್ದ ಲೆಕ್ಕದ ಪುಸ್ತಕ ಸಾಕು. ಫಿಟ್ಸ್ ಬಂದ ದಿನ ಬರೆಯಬೇಕಾದದ್ದು ಇಷ್ಟು: ಎಷ್ಟು ಗಂಟೆಗೆ, ಎಲ್ಲಿ, ಹತ್ತಿರ ಯಾರಿದ್ದರು, ಅದಕ್ಕೆ ಹತ್ತು ನಿಮಿಷ ಮುಂಚೆ ಮೈಯಲ್ಲಿ ಏನು ಗೊತ್ತಾಯಿತು, ತಲೆಯಲ್ಲಿ ಏನು ಓಡುತ್ತಿತ್ತು, ಆಮೇಲೆ ಯಾರು ಏನು ಮಾಡಿದರು. ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಅದು ಬೇಕೇ ಬೇಕು. ಬರೆಯೋಕೆ ಬಾರದವರು ವಾಟ್ಸಾಪ್‌ನಲ್ಲಿ ತಮಗೆ ತಾವೇ ವಾಯ್ಸ್ ಮೆಸೇಜ್ ಕಳಿಸಿಕೊಂಡರೂ ಆಯಿತು. ಕೆಲವು ವಾರ ಸಾಕು. ವರ್ಷಗಟ್ಟಲೆ ಬರೆಯುತ್ತಾ ಕೂತರೆ ಇಡೀ ದಿನ ಮೈಯನ್ನೇ ಕಾಯುವುದಾಗುತ್ತದೆ.

ಬಂಗಾರಪೇಟೆ ಕಡೆಯ ಒಬ್ಬ ಹುಡುಗಿ, ಡಿಗ್ರಿ ಎರಡನೇ ವರ್ಷ. ಫಿಟ್ಸ್‌ಗೆ ಕಾರಣವೇ ಇಲ್ಲ, ಜಗಳ ಆದ ದಿನವೂ ಬರುವುದಿಲ್ಲ, ಅಂತ ಅಮ್ಮ ಹೇಳುತ್ತಿದ್ದರು. ಪುಸ್ತಕ ನೋಡಿದರೆ ಎಲ್ಲವೂ ರಾತ್ರಿ ಊಟ ಮುಗಿದು, ಎಲ್ಲರೂ ಟಿವಿ ಮುಂದೆ ಕೂತು, ಇವಳು ಪಾತ್ರೆ ತೊಳೆಯುವ ಹೊತ್ತಿಗೆ. ಜಗಳದ ಮಧ್ಯೆ ಅಲ್ಲ, ಜಗಳ ಆಗಬಹುದಾಗಿದ್ದ ದಿನ ಏನೂ ಆಗದೆ ಕಳೆದ ಮೇಲೆ. ಇಂಥದ್ದು ಅಪರೂಪವಲ್ಲ. ಮೈ ಬಿಗಿ ಹಿಡಿದುಕೊಂಡಿರುತ್ತದೆ, ಬಿಡುವು ಸಿಕ್ಕಾಗ ಹೊರಗೆ ಬರುತ್ತದೆ. ಇನ್ನೂ ಒಂದು ವಿಷಯ ತಿಳಿಯಿತು. ಪ್ರತಿ ಸಲವೂ ಮುಂಚೆ ಎದೆ ಬಡಿತ ಏರುತ್ತಿತ್ತು, ಅಂಗೈ ಬೆವರುತ್ತಿತ್ತು, ಮಾತುಗಳು ದೂರದಿಂದ ಕೇಳಿದ ಹಾಗೆ ಆಗುತ್ತಿತ್ತು. "ಭಯ ಆಗಿತ್ತಾ?" ಅಂದರೆ "ಇಲ್ಲ ಸಿಸ್ಟರ್". ಮೈಯಲ್ಲಿ ಭಯದ ಎಲ್ಲ ಗುರುತೂ ಇದ್ದು ಮನಸ್ಸಿಗೆ ಮಾತ್ರ ಭಯ ಅಂತ ಗೊತ್ತಾಗದೆ ಇರುವುದು ಈ ಕಾಯಿಲೆಯಲ್ಲಿ ಸಾಮಾನ್ಯ.

ಆ ಮುನ್ಸೂಚನೆ ಸಿಕ್ಕಿದರೆ ಕೈಗೆ ಹಿಡಿಕೆ ಸಿಕ್ಕಿತು. ಮೊದಲ ಗುರುತು ಕಂಡ ಕೂಡಲೇ ಗಮನವನ್ನು ಹೊರಗೆ ಎಳೆಯುವುದನ್ನು ಕಲಿಸುತ್ತಾರೆ. ತಣ್ಣೀರಿನ ಸ್ಟೀಲ್ ಲೋಟ ಎರಡೂ ಕೈಯಲ್ಲಿ ಹಿಡಿದು ಅದರ ತಂಪನ್ನೇ ನೋಡುವುದು. ಪಾದವನ್ನು ನೆಲಕ್ಕೆ ಒತ್ತಿ ನಿಲ್ಲುವುದು. ಕಾಣುವ ಐದು ವಸ್ತುವಿನ ಹೆಸರನ್ನು ಜೋರಾಗಿ ಹೇಳುವುದು. ಈ ಹುಡುಗಿ ಆರಿಸಿಕೊಂಡದ್ದು ಬಸ್ ಸ್ಟಾಪು. ಮುಳಬಾಗಿಲು ಬೆಂಗಳೂರು ದಾರಿಯ ಊರುಗಳನ್ನು ಹಿಂದಿನಿಂದ ಹೇಳುವುದು: ಕೆ.ಆರ್. ಪುರ, ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲು. ಹಿಂದಿನಿಂದ ಹೇಳೋಕೆ ಸ್ವಲ್ಪ ಯೋಚಿಸಬೇಕು, ಅದಕ್ಕೇ ಅದು ಒಳ್ಳೆಯದು. ಬಾಯಿಪಾಠ ಆಗಿಹೋದರೆ ಬದಲಾಯಿಸಿ.

ಉಸಿರಾಟ ಕಲಿಸುತ್ತಾರೆ. ಜನ ಜೋರಾಗಿ ಉದ್ದುದ್ದ ಉಸಿರು ಎಳೆಯುತ್ತಾರೆ, ಅದರಿಂದ ತಲೆ ಇನ್ನೂ ತಿರುಗುತ್ತದೆ. ಒಳಗೆ ಮೆಲ್ಲಗೆ, ನಾಲ್ಕು ಎಣಿಸುವಷ್ಟು. ಹೊರಗೆ ಅದಕ್ಕಿಂತ ನಿಧಾನ, ಆರು ಎಣಿಸುವಷ್ಟು. ಚೆನ್ನಾಗಿರುವಾಗಲೇ ದಿನಕ್ಕೆರಡು ಸಲ ಅಭ್ಯಾಸ ಮಾಡಬೇಕು. ಫಿಟ್ಸ್ ಬರುವಾಗ ಮೊದಲ ಸಲ ಮಾಡುತ್ತೇನೆ ಅಂದರೆ ಆಗುವುದಿಲ್ಲ.

ಇದಾದ ಮೇಲೆ ನಿಜವಾಗಿ ಕಷ್ಟದ ಭಾಗ. ಕಾಯಿಲೆ ಬಂದ ಮೇಲೆ ಬಿಟ್ಟದ್ದನ್ನೆಲ್ಲ ಒಂದೊಂದಾಗಿ ವಾಪಸ್ ತರಬೇಕು. ಆ ಹುಡುಗಿ ಬಸ್ ಹತ್ತುತ್ತಿರಲಿಲ್ಲ, ಕಾಲೇಜಿಗೆ ಹೋಗುತ್ತಿರಲಿಲ್ಲ, ಒಬ್ಬಳೇ ಸ್ನಾನ ಮಾಡುತ್ತಿರಲಿಲ್ಲ. ಪಟ್ಟಿ ಮಾಡಿ, ಸುಲಭದ್ದರಿಂದ ಶುರು. ಮೊದಲು ಅಮ್ಮನ ಜೊತೆ ಬಸ್ ಸ್ಟ್ಯಾಂಡ್‌ವರೆಗೆ. ಆಮೇಲೆ ಒಂದು ಸ್ಟಾಪ್. ಆಮೇಲೆ ಗೆಳತಿಯ ಜೊತೆ ಒಂದು ಪೀರಿಯಡ್. ಮಧ್ಯೆ ಫಿಟ್ಸ್ ಬಂದರೂ ಪಟ್ಟಿ ನಿಲ್ಲಬಾರದು. ಬಸ್ಸಲ್ಲಿ ಬಂತು ಅಂತ ಬಸ್ ಬಿಟ್ಟರೆ, ಮುಂದಿನ ಸಲ ಬಸ್ಸಿನ ಯೋಚನೆಗೇ ಎದೆ ಬಡಿದುಕೊಳ್ಳುತ್ತದೆ.

ಮಾತ್ರೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಈ ಕಾಯಿಲೆಗೇ ಅಂತ ಮಾತ್ರೆ ಇಲ್ಲ. ಜೊತೆಯಲ್ಲಿ ಖಿನ್ನತೆ, ವಿಪರೀತ ಆತಂಕ ಇದ್ದರೆ ಅದಕ್ಕೆ ಕೊಡುತ್ತಾರೆ. ಕೊಟ್ಟರೆ ತಗೊಳ್ಳಿ.

ಕಾಲು, ಕೈ, ದನಿ

ಶಕ್ತಿ ಹೋದವರಿಗೆ, ನಡುಕ ಇರುವವರಿಗೆ ಮಾತಿನ ಥೆರಪಿಯ ಜೊತೆ ಫಿಸಿಯೋಥೆರಪಿ ಇರಲೇಬೇಕು. ಪಾರ್ಶ್ವವಾಯುವಿಗೆ ಮಾಡುವ ಹಾಗೆ ಒಂದೊಂದು ಸ್ನಾಯುವನ್ನು ಹಿಡಿದು ಎತ್ತಿ ಇಳಿಸುವುದಲ್ಲ ಇದು. ಗಮನವನ್ನು ಬೇರೆ ಕಡೆ ಇಟ್ಟು ಇಡೀ ಚಲನೆಯನ್ನು ಮಾಡಿಸುವುದು. ಮುಂದಕ್ಕೆ ನಡೆಯಲು ಆಗದವರು ಹಿಂದಕ್ಕೆ ನಡೆದಾರು, ಪಕ್ಕಕ್ಕೆ ನಡೆದಾರು, ತಾಳಕ್ಕೆ ಹೆಜ್ಜೆ ಹಾಕಿಯಾರು. ಮಂಡಿಯ ಅಣ್ಣನಿಗೆ ಫಿಸಿಯೋ ಮಾಡುವ ಹುಡುಗ ಖಾಲಿ ಕ್ರೇಟ್ ಕೊಟ್ಟು, ಹಿಂದೆ ಹಿಂದೆ ನಡೆಯುತ್ತಾ ಹರಾಜಿನಲ್ಲಿ ಕೂಗುವ ಹಾಗೆ ರೇಟ್ ಕೂಗಿಸಿದ. ಇಡೀ ವಾರ್ಡ್ ನೋಡುತ್ತಿತ್ತು. ಕಾಲು ಮಾತು ಕೇಳಿತು. ಅದೇ ದಿನ ವಾಸಿ ಆಯಿತು ಅಂತ ತಿಳಿಯಬೇಡಿ. ಮನೆಗೆ ಹೋಗುವಾಗ ಮತ್ತೆ ಎಳೆದುಕೊಂಡೇ ಹೋದರು. ಆದರೆ ಆಗುತ್ತದೆ ಅಂತ ಅವರೇ ಕಣ್ಣಾರೆ ನೋಡಿದ್ದರು, ಅಭ್ಯಾಸಕ್ಕೆ ಅಷ್ಟು ಸಾಕು.

ಊರುಗೋಲು, ವೀಲ್‌ಚೇರ್, ಕಾಲಿಗೆ ಪಟ್ಟಿ ಇವನ್ನೆಲ್ಲ ಆತುರದಿಂದ ಕೊಳ್ಳಬೇಡಿ. ಬೀಳುವ ಅಪಾಯ ಇದ್ದರೆ ಬೇಕಾಗಬಹುದು. ಯಾವಾಗ, ಎಷ್ಟು ದಿನ ಅನ್ನುವುದನ್ನು ಫಿಸಿಯೋ ಹೇಳಲಿ. ಇಲ್ಲದಿದ್ದರೆ ಮೈ ಅದಕ್ಕೇ ಒಗ್ಗಿಕೊಳ್ಳುತ್ತದೆ.

ನಡುಕಕ್ಕೂ ಇದೇ ರೀತಿ. ಒಂದು ಕೈ ನಡುಗುವಾಗ ಇನ್ನೊಂದು ಕೈಯಲ್ಲಿ ತಾಳ ತಟ್ಟಿಸಿದರೆ ನಡುಕ ನಿಲ್ಲುತ್ತದೆ, ಇಲ್ಲವೇ ಆ ತಾಳಕ್ಕೆ ಸೇರಿಕೊಳ್ಳುತ್ತದೆ. ಪರೀಕ್ಷೆಯೂ ಅದೇ, ಅಭ್ಯಾಸದ ಶುರುವೂ ಅದೇ. ದನಿ ಹೋದವರು ಕೆಮ್ಮಬಲ್ಲರು, ಅಲ್ವಾ? ಕೆಮ್ಮಿನಿಂದ ಗುನುಗುವುದಕ್ಕೆ, ಗುನುಗಿನಿಂದ "ಮಾ"ಗೆ, ಅಲ್ಲಿಂದ ಮಾತಿಗೆ. ಇದನ್ನು ಸ್ಪೀಚ್ ಥೆರಪಿಸ್ಟ್ ಮಾಡಿಸುತ್ತಾರೆ. ದನಿ ಎಷ್ಟೋ ಸಲ ಬೇಗ ವಾಪಸ್ ಬರುತ್ತದೆ. ಒಬ್ಬ ಅಂಗನವಾಡಿ ಟೀಚರಮ್ಮನಿಗೆ ಮಕ್ಕಳ ಹಾಜರಿ ಕೂಗುವುದನ್ನೇ ಪಾಠವಾಗಿ ಇಟ್ಟಿದ್ದರು.

ಮನೆಯವರು ಮಾಡಬೇಕಾದದ್ದು

ವಾರದಲ್ಲಿ ಒಂದು ಗಂಟೆ ಥೆರಪಿಸ್ಟ್ ಹತ್ತಿರ. ಉಳಿದದ್ದೆಲ್ಲ ನಿಮ್ಮ ಹತ್ತಿರ.

ಫಿಟ್ಸ್ ಬಂದಾಗ: ಮೆಲ್ಲಗೆ ಕೆಳಗೆ ಮಲಗಿಸಿ. ಒಲೆ, ಮೆಟ್ಟಿಲು, ಚೂಪಾದ ವಸ್ತುವಿನಿಂದ ದೂರ. ತಲೆ ಕೆಳಗೆ ಟವೆಲ್. ಒಬ್ಬರು ಮಾತ್ರ ಹತ್ತಿರ ಕೂತು ಸಾಧಾರಣ ದನಿಯಲ್ಲಿ "ನಾನಿದ್ದೀನಿ, ಇದು ಹೋಗುತ್ತೆ" ಅಂತ ಹೇಳಿ. ಉಳಿದವರು ತಮ್ಮ ಕೆಲಸ ನೋಡಿಕೊಳ್ಳಲಿ. ಕೈಗೆ ಬೀಗದ ಕೈ ಗೊಂಚಲು ಹಿಡಿಸುವುದು, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದು, ಬಾಯಿಗೆ ನೀರು ಬಿಡುವುದು, ಕೈಕಾಲು ಗಟ್ಟಿ ಹಿಡಿದು ಒತ್ತುವುದು, ಒಂದೂ ಬೇಡ. ಇದು ಮನೆಯವರ ತಪ್ಪು ಮಾತ್ರ ಅಂತಲೂ ಅಲ್ಲ. ಒಂದು ಕ್ಯಾಷುಯಲ್ಟಿಯಲ್ಲಿ ಅಮೋನಿಯಾ ಹತ್ತಿ ಮೂಗಿಗೆ ಹಿಡಿಯುವುದು, ಎದೆಮೂಳೆಗೆ ಗೆಣ್ಣಿನಿಂದ ಒತ್ತುವುದು, "ಎದ್ದೇಳಮ್ಮ, ಸಾಕು ನಾಟಕ" ಅನ್ನುವುದು ದಿನದ ಮಾತಾಗಿತ್ತು. ನೋವಿಗೆ ಎದ್ದವಳು ಮುಂದಿನ ವಾರ ಇನ್ನೂ ಜೋರಾಗಿ ಬಂದದ್ದೇ ಬಂದದ್ದು. ಯಾರಾದರೂ ಹಾಗೆ ಮಾಡಲು ಬಂದರೆ ಬೇಡ ಅನ್ನುವ ಹಕ್ಕು ನಿಮಗಿದೆ.

ಆಸ್ಪತ್ರೆಗೆ ಓಡಬೇಕಾದ ಸಂದರ್ಭ ಬೇರೆ. ಮೊದಲ ಸಲ ಬಂದ ಫಿಟ್ಸ್, ಐದು ನಿಮಿಷ ದಾಟಿದ್ದು ಮತ್ತು ಇದೇ ಕಾಯಿಲೆ ಅಂತ ಖಾತ್ರಿ ಇಲ್ಲದ್ದು, ಮೈ ನೀಲಿ ಆದದ್ದು, ಪೆಟ್ಟು ಬಿದ್ದದ್ದು, ಬಸುರಿ ಹೆಂಗಸು, ಎಂದಿನಂತಿಲ್ಲದ ಹೊಸ ರೀತಿಯದ್ದು. ಹಾಗೆಯೇ ಏಕಾಏಕಿ ಮುಖ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಬೀಳುವುದು, ಮಾತು ತೊದಲುವುದು. ಮುಂಚೆ ಕನ್ವರ್ಷನ್ ಅಂತ ಬರೆದಿದ್ದರೂ ಸರಿ, 108ಕ್ಕೆ ಫೋನ್ ಮಾಡಿ.

ಫಿಟ್ಸ್ ಹತೋಟಿಗೆ ಬರುವವರೆಗೆ ಗಾಡಿ, ಟ್ರ್ಯಾಕ್ಟರ್ ಓಡಿಸುವುದು ಬೇಡ. ಕೃಷಿ ಹೊಂಡದ ಹತ್ತಿರ ಒಬ್ಬರೇ ಹೋಗುವುದು ಬೇಡ. ಆ ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಬಿದ್ದರೆ ಚೆನ್ನಾಗಿರುವವರೇ ಹತ್ತಿ ಬರಲು ಕಷ್ಟ. ಬಚ್ಚಲಿಗೆ ಒಳಗಿಂದ ಚಿಲಕ ಬೇಡ, ಹೊರಗೊಂದು ಬೋರ್ಡ್ ನೇತುಹಾಕಿದರೆ ಆಯಿತು.

ಇನ್ನು ಸೂಕ್ಷ್ಮದ ವಿಷಯ. ಫಿಟ್ಸ್ ಬಂದಾಗ ಇಡೀ ಮನೆ ಸುತ್ತ ನಿಲ್ಲುತ್ತದೆ. ಚೆನ್ನಾಗಿರುವಾಗ "ಊಟ ಆಯ್ತಾ" ಅಂತ ಕೇಳುವವರೂ ಇಲ್ಲ. ಇದನ್ನು ತಿರುಗಿಸಬೇಕು. ಫಿಟ್ಸ್ ಹೊತ್ತಲ್ಲಿ ಗದ್ದಲ ಕಮ್ಮಿ ಮಾಡಿ, ಉಳಿದ ಹೊತ್ತಲ್ಲಿ ಜೊತೆ ಜಾಸ್ತಿ ಮಾಡಿ. ಮೊದಲರ್ಧ ಮಾತ್ರ ಮಾಡಿ ಎರಡನೆಯದನ್ನು ಮರೆತರೆ ಅದು ಶಿಕ್ಷೆ ಆಗುತ್ತದೆ. ಬಂಗಾರಪೇಟೆ ಹುಡುಗಿಯ ಮನೆಯಲ್ಲಿ ಒಂದೇ ಬದಲಾವಣೆ ಮಾಡಿದರು. ರಾತ್ರಿ ಪಾತ್ರೆ ತೊಳೆಯುವಾಗ ಅಣ್ಣ ಪಕ್ಕದಲ್ಲಿ ನಿಂತು ಒರೆಸಿಡುತ್ತಿದ್ದ. ಅವನಿಗೆ ಅಡುಗೆಮನೆಯಲ್ಲಿ ತಟ್ಟೆ ಎಲ್ಲಿಡುತ್ತಾರೆ ಅಂತ ಅವತ್ತೇ ಗೊತ್ತಾಗಿದ್ದು.

ಶಾಲೆಯ ಮಕ್ಕಳಾದರೆ ಶಾಲೆ ಬಿಡಿಸಬೇಡಿ. ಅರ್ಧ ದಿನವಾದರೂ ಹೋಗಲಿ. ಹೆಡ್‌ಮಾಸ್ಟರಿಗೆ ಡಾಕ್ಟರ ಚೀಟಿ ತೋರಿಸಿ, ಬಂದಾಗ ಏನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ಇಂಥ ಮಕ್ಕಳು ನಮ್ಮಲ್ಲಿಗೆ ಜಾಸ್ತಿ ಬರುತ್ತಾರೆ.

ದೇವಸ್ಥಾನಕ್ಕೆ ಹೋಗಬಹುದಾ ಅಂತ ಕೇಳುತ್ತಾರೆ. ಹೋಗಿ. ಕೋಲಾರಮ್ಮನಿಗೆ ಹಣ್ಣುಕಾಯಿ ಮಾಡಿಸಿ, ಮನಸ್ಸಿಗೆ ಧೈರ್ಯ ಬಂದರೆ ಒಳ್ಳೆಯದೇ. ತಾಯತ ಕಟ್ಟಿಸಿದರೂ ನಾನು ಬಿಚ್ಚಿ ಅನ್ನುವುದಿಲ್ಲ. ಆದರೆ ಗಾಳಿ ಬಿಡಿಸುತ್ತೇನೆ ಅಂತ ಹೊಡೆಯುವುದು, ಬರೆ ಹಾಕುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಉಪವಾಸ ಕೆಡವುವುದು ಅಪರಾಧ. ಅದಕ್ಕೆ ಕರ್ನಾಟಕದಲ್ಲಿ 2017ರ ಕಾಯ್ದೆಯೇ ಇದೆ, 2020ರಿಂದ ಜಾರಿಯಲ್ಲಿದೆ.

ಹಳೆಯ ನೋವು ಇದ್ದರೆ

ಎಲ್ಲರಿಗೂ ಇರುವುದಿಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಮಾನಸಿಕ ಕಾಯಿಲೆಗಳ ಪಟ್ಟಿಯನ್ನು ಹೊಸದಾಗಿ ಬರೆದಾಗ, ಈ ಕಾಯಿಲೆ ಅನ್ನಲು ಮನಸ್ಸಿಗೆ ಪೆಟ್ಟು ಬಿದ್ದಿರಲೇಬೇಕು ಅನ್ನುವ ಷರತ್ತನ್ನು ತೆಗೆದುಹಾಕಿದರು. ಕೆಲವರಿಗೆ ಶುರುವಾದದ್ದು ಕಾಲು ಉಳುಕಿದ ಮೇಲೆ, ಜ್ವರದ ಮೇಲೆ, ತಲೆಸುತ್ತಿನ ಮೇಲೆ. ಹಾಗಾಗಿ "ಏನೋ ಮುಚ್ಚಿಡ್ತಿದ್ದೀಯ, ಹೇಳು" ಅಂತ ಮನೆಯಲ್ಲಿ ವಿಚಾರಣೆ ಮಾಡಬೇಡಿ.

ಇರುವವರಿಗೆ ಮಾತ್ರ ಅದು ತುಂಬ ದೊಡ್ಡದು. ಚಿಕ್ಕಂದಿನ ದೌರ್ಜನ್ಯ, ಗಂಡನ ಹೊಡೆತ, ಮನೆಯಲ್ಲೇ ಇರುವ ಯಾರೋ ಒಬ್ಬರು. ಒಳ್ಳೆಯ ಥೆರಪಿಸ್ಟ್ ಅದನ್ನು ಮೊದಲ ದಿನವೇ ಕೆದಕುವುದಿಲ್ಲ. ಮೊದಲು ಗಮನ ಹೊರಗೆ ಎಳೆಯುವುದು, ಉಸಿರಾಟ, ನಿದ್ದೆ ಇವೆಲ್ಲ ಕೈಗೆ ಬರಬೇಕು. ಆಮೇಲೆ ಆಘಾತಕ್ಕೇ ಅಂತ ಇರುವ ಥೆರಪಿ. ರೋಗಿಯನ್ನು ಒಬ್ಬರೇ ಒಳಗೆ ಬಿಡಿ ಅಂತ ನಾವು ಹೇಳುವುದು ಇದಕ್ಕೇ. ಗಂಡ, ಅತ್ತೆ ಬಾಗಿಲಲ್ಲಿ ನಿಂತು ಮುನಿಸಿಕೊಂಡರೂ ಸರಿ, ಹೊರಗೆ ಬೆಂಚ್ ಇದೆ. ಇವತ್ತಿಗೂ ಹೊಡೆತ ನಡೆಯುತ್ತಿದ್ದರೆ ಬರೀ ಉಸಿರಾಟ ಕಲಿಸಿ ಕಳಿಸುವುದು ಅನ್ಯಾಯ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ನಮ್ಮ ತಂಡದ ಸೋಷಿಯಲ್ ವರ್ಕರ್‌ಗೆ ಹೇಳಿದರೆ ಅವರೇ ಮುಂದಿನ ದಾರಿ ನೋಡುತ್ತಾರೆ.

ಗ್ಯಾರಂಟಿ ಇದೆಯಾ?

ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. 2020ರಲ್ಲಿ ಕಾಕ್ರೇನ್ ಅನ್ನುವ ಸಂಸ್ಥೆ ಈ ಕಾಯಿಲೆಯ ಮಾತಿನ ಚಿಕಿತ್ಸೆಗಳ ಮೇಲಿನ 17 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಒಟ್ಟು 894 ಜನ. ಯಾವ ಚಿಕಿತ್ಸೆಯ ಬಗ್ಗೆಯೂ ಗಟ್ಟಿಯಾಗಿ ಹೇಳುವಷ್ಟು ಪುರಾವೆ ಸಿಗಲಿಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ 368 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ ಬಂತು, ಕೋಡ್ಸ್ ಅಂತ ಅದರ ಹೆಸರು. ಒಂದು ಗುಂಪಿಗೆ ಮಾಮೂಲಿ ವೈದ್ಯರ ಆರೈಕೆ, ಇನ್ನೊಂದಕ್ಕೆ ಅದರ ಜೊತೆ ಸಿ.ಬಿ.ಟಿ. ಒಂದು ವರ್ಷದ ನಂತರ ತಿಂಗಳಿಗೆ ಎಷ್ಟು ಫಿಟ್ಸ್ ಅಂತ ಎಣಿಸಿದರೆ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆದರೆ ಸಿ.ಬಿ.ಟಿ. ಸಿಕ್ಕವರಿಗೆ ಫಿಟ್ಸ್ ಇಲ್ಲದೆ ಕಳೆದ ದಿನಗಳ ಸರಣಿ ಉದ್ದವಾಗಿತ್ತು. ಬಂದ ಫಿಟ್ಸ್ ಅಷ್ಟು ಕಾಡುತ್ತಿರಲಿಲ್ಲ. ಜೀವನ ಸುಧಾರಿಸಿತ್ತು.

ನಾನು ನೋಡಿದ್ದಕ್ಕೂ ಇದು ಸರಿಹೊಂದುತ್ತದೆ. ಎಣಿಕೆ ಸೊನ್ನೆಗೆ ಬರುವ ಮುಂಚೆಯೇ ಜನ ಕೆಲಸಕ್ಕೆ ವಾಪಸ್ ಹೋಗಿರುತ್ತಾರೆ. ಹಾಗಾಗಿ ಎಷ್ಟು ಸಲ ಬಂತು ಅಂತ ಮಾತ್ರ ಲೆಕ್ಕ ಇಡಬೇಡಿ. ಈ ವಾರ ಏನೇನು ಮಾಡಿದಿರಿ ಅನ್ನುವುದನ್ನೂ ಬರೆದಿಡಿ. ಬೇಗ ಶುರು ಮಾಡಿದವರಿಗೆ, ಕಾಯಿಲೆಯ ವಿವರಣೆಯನ್ನು ನಂಬಿದವರಿಗೆ ಸುಲಭ. ಐದಾರು ವರ್ಷ ಮೂಲೆ ಹಿಡಿದವರಿಗೆ ಕಷ್ಟ, ಆದರೂ ಆಗದ್ದೇನಲ್ಲ.

ವಾಸಿಯಾದ ಮೇಲೂ ಒಮ್ಮೆ ಮತ್ತೆ ಬರಬಹುದು. ಸಾವು, ಸಾಲ, ಪರೀಕ್ಷೆ, ಹೆರಿಗೆ, ಜ್ವರ ಇಂಥ ಹೊತ್ತಲ್ಲಿ. ಕೊನೆಯ ಸೆಷನ್‌ನಲ್ಲಿ ಒಂದು ಹಾಳೆ ಬರೆಸುತ್ತಾರೆ: ನನ್ನ ಮುನ್ಸೂಚನೆ ಏನು, ಏನು ಮಾಡಿದರೆ ನಿಲ್ಲುತ್ತದೆ, ಯಾರಿಗೆ ಹೇಳಬೇಕು, ಎಷ್ಟು ಸಲ ಬಂದರೆ ಮತ್ತೆ ಆಸ್ಪತ್ರೆಗೆ. ಬೀರು ಬಾಗಿಲ ಒಳಗೆ ಅಂಟಿಸಿಡಿ. ಮತ್ತೆ ಬಂತು ಅಂದ ಮಾತ್ರಕ್ಕೆ ಎಮ್‌ಆರ್‌ಐಯಿಂದ ಹೊಸದಾಗಿ ಶುರು ಮಾಡಬೇಕಿಲ್ಲ, ಆ ಹಾಳೆಯಿಂದ ಶುರು ಮಾಡಿ.

ಕೊನೆಗೆ, ವಾರಕ್ಕೊಬ್ಬರಾದರೂ ಕೇಳುವ ಪ್ರಶ್ನೆ: "ಮದುವೆ ಮಾಡಿಬಿಟ್ರೆ ಸರಿಹೋಗುತ್ತಂತಲ್ಲ ಸಿಸ್ಟರ್?" ಮದುವೆ ಈ ಕಾಯಿಲೆಗೆ ಚಿಕಿತ್ಸೆಯಲ್ಲ. ಹೊಸ ಮನೆ, ಹೊಸ ಜನ, ಗುಟ್ಟಾಗಿ ಇಟ್ಟುಕೊಂಡ ಕಾಯಿಲೆ, ಇದರಿಂದ ಜಾಸ್ತಿ ಆದದ್ದನ್ನೇ ನೋಡಿದ್ದೇನೆ. ಮದುವೆ ಆಗಬಾರದು ಅಂತಲೂ ಇಲ್ಲ. ಅವಳಿಗೆ ಇಷ್ಟ ಇದ್ದರೆ, ಹುಡುಗನ ಕಡೆಗೆ ನಿಜ ಹೇಳಿದ್ದರೆ, ಧಾರಾಳವಾಗಿ ಮಾಡಿ. ಮುಹೂರ್ತವೂ ಥೆರಪಿಯೂ ಒಂದೇ ದಿನ ಬಿದ್ದರೆ ಮುಂಚೆಯೇ ಒಂದು ಫೋನ್ ಮಾಡಿ, ಬೇರೆ ದಿನ ಕೊಡುತ್ತೇವೆ.